ಕಣವೊಂದು ಹೆಚ್ಚಾದರೆ

ಕನ್ನಡ ಪಾಠ ಹೇಳುವವನು ಚಿನ್ನದ ಪರಮಾಣುಗಳ ಮಾತೆತ್ತಿದ್ದೇಕೆಂದು ಕೆಲವರಿಗೆ ಅನ್ನಿಸಬಹುದು. “ವಿಜ್ಞಾನ ಕನ್ನಡದಲ್ಲಿ ತಲೆಗೆ ಹತ್ತುವುದಿಲ್ಲ, ಮಾಸ್ಟ್ರೇ” ಎಂಬ ಮಾತನ್ನು ಪ್ರತಿ ಜೂನ್ ತಿಂಗಳಲ್ಲಿಯೂ ಹೆತ್ತವರಿಂದ ಕೇಳುತ್ತಿದ್ದೇನೆ. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಚಿನ್ನದ ಗಟ್ಟಿಯನ್ನು ಎರಡು ತುಂಡು ಮಾಡಿದರೂ ಗುಣ ಬದಲಾಗದು. ಆದರೆ ಬೆರಳೆಣಿಕೆಯ ಪರಮಾಣುಗಳಷ್ಟೇ ಉಳಿದಾಗ ಲೆಕ್ಕವೇ ಬೇರೆ. ಋಣ ವಿದ್ಯುದಂಶವುಳ್ಳ ಚಿನ್ನದ ಗುಂಪುಗಳನ್ನು ನೋಡಿರಿ. ಹತ್ತು ಪರಮಾಣುಗಳವರೆಗೂ ಅವು ಉಂಡೆಯಾಗುವುದಿಲ್ಲ. ರಂಗೋಲಿಯ ಚುಕ್ಕಿಗಳಂತೆ ಒಂದೇ ಮಟ್ಟದಲ್ಲಿ ಹರಡಿಕೊಳ್ಳುತ್ತವೆ. 16ರಿಂದ 18 ಆದಾಗ ಒಳಗೆ ಟೊಳ್ಳಾದ ಪಂಜರದ ರೂಪ ತಾಳುತ್ತವೆಂದು 2006ರಲ್ಲಿ ಪ್ರಕಟವಾಯಿತು. 20 ಆದರೆ ನಾಲ್ಕು ತ್ರಿಕೋನ ಮುಖಗಳ ಗೋಪುರ! ಇದನ್ನು 2003ರಲ್ಲಿ ಅಮೆರಿಕದಲ್ಲಿ ಲೈ-ಶೆಂಗ್ ವಾಂಗ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಪ್ರತಿ ಸಲವೂ ಪರಮಾಣುಗಳು ತಮಗೆ ಅತಿ ಕಡಮೆ ಶಕ್ತಿಯ ಜೋಡಣೆಯನ್ನು ಹುಡುಕಿಕೊಳ್ಳುತ್ತವೆ.

ಇದನ್ನು ಒಂಬತ್ತನೆಯ ತರಗತಿಯಲ್ಲಿ ಹೇಳಿ, 20 ಅಡಿಕೆಗಳನ್ನು ಕೊಟ್ಟೆ. ಮಕ್ಕಳು ಅಡಿಯಲ್ಲಿ ತ್ರಿಕೋನವಾಗಿ 10, ಅದರ ಮೇಲೆ 6, ಮತ್ತೆ 3, ತುದಿಯಲ್ಲಿ 1 ಎಂದು ಅಂಟಿಸಿದರು. ಎತ್ತಿ ತಿರುಗಿಸಿ ನೋಡಿದ ಹುಡುಗಿಯೊಬ್ಬಳು, “ಮಾಸ್ಟ್ರೇ, ಎಲ್ಲವೂ ಹೊರಗೇ ಇವೆ, ಒಳಗೆ ಒಂದೂ ಇಲ್ಲವಲ್ಲ!” ಎಂದಳು. ವಿಷಯದ ತಿರುಳೇ ಅದು. ದೊಡ್ಡ ಗಟ್ಟಿಯಲ್ಲಿ ಹೆಚ್ಚಿನ ಪರಮಾಣುಗಳು ಒಳಗಿರುತ್ತವೆ. ಪುಟ್ಟ ಗುಂಪಿನಲ್ಲಿ ಹೆಚ್ಚಿನವು ಹೊರಮೈಯಲ್ಲಿರುತ್ತವೆ. ಆದುದರಿಂದಲೇ ಯಾವುದರೊಡನೆಯೂ ಸುಲಭವಾಗಿ ಬೆರೆಯದ ಚಿನ್ನ, ಅತಿ ಸೂಕ್ಷ್ಮ ಕಣವಾದಾಗ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸಬಲ್ಲದು. ಜಪಾನಿನ ಮಸತಾಕೆ ಹರುಟ 1980ರ ದಶಕದಲ್ಲಿ ಇದನ್ನು ಕಂಡುಕೊಂಡರು.

ಆ ಹುಡುಗಿ ತಡವರಿಸದೆ ಹೇಳಿದ್ದು ಅದು ಅವಳ ಮನೆಮಾತಾಗಿದ್ದುದರಿಂದ. ಮುಂದಿನ ಓದಿಗೆ ಇಂಗ್ಲಿಷ್ ಬೇಕು, ಇಲ್ಲಿ ಬಾಳಲು ಮಲಯಾಳವೂ ಬೇಕು. ಎರಡು ಭಾಷೆಗಳಲ್ಲಿ ಓದಿದ ನಾನು ಅದನ್ನು ಅಲ್ಲಗಳೆಯುವುದಿಲ್ಲ. ಪಾರಿಭಾಷಿಕ ಪದಗಳನ್ನು ಆಮೇಲೂ ಕಲಿಯಬಹುದು. ಆದರೆ ಎಳವೆಯಲ್ಲಿ ಪ್ರಶ್ನೆ ಕೇಳುವ ಧೈರ್ಯ ಬತ್ತಿದರೆ ಮತ್ತೆ ಚಿಗುರುವುದು ಕಷ್ಟ.

ಹೆತ್ತವರಲ್ಲಿ ನನ್ನದೊಂದು ವಿನಂತಿ. ಗಡಿನಾಡಿನ ನಮ್ಮ ಕನ್ನಡ ತರಗತಿಗಳು ಪುಟ್ಟವು. ದೊಡ್ಡ ಶಾಲೆಯಲ್ಲಿ ಒಬ್ಬರು ಬಿಟ್ಟುಹೋದರೆ ತಿಳಿಯದೆ ಇರಬಹುದು. ಇಲ್ಲಿ ಒಂದು ಮಗು ಸೇರಿದರೂ ಹೋದರೂ ತರಗತಿಯ ರೂಪವೇ ಬದಲಾಗುತ್ತದೆ. ಮಗುವಿನ ವರ್ಗಾವಣೆ ಪತ್ರ ಕೇಳಲು ಬರುವ ಮೊದಲು ಒಂದು ದಿನ ತರಗತಿಗೆ ಬಂದು ಕುಳಿತು ನೋಡಿ.