ಸೆರೆಮನೆಯೇ ಕಾಯ್ದ ಊರು

ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿ ಸಾಲಾಗಿ ನಿಂತ ದ್ವೀಪಗಳಲ್ಲಿ ಮಾರ್ಟಿನಿಕ್ ಒಂದು. ಅದು ಫ್ರಾನ್ಸಿಗೆ ಸೇರಿದ ನೆಲ. ಅದರ ವಾಯವ್ಯ ತೀರದಲ್ಲಿ, ಮುಂದೆ ಕಡಲು ಹಿಂದೆ ಬೆಟ್ಟವೆಂಬಂತೆ, ಸ್ಯಾಂ ಪಿಯೇರ್ ಎಂಬ ಪುಟ್ಟ ಪುರಸಭೆಯಿದೆ. ಇಂದು ಅಲ್ಲಿರುವ ಜನ ಸುಮಾರು 4,000. ಒಂದು ಕಾಲಕ್ಕೆ ಈ ಊರನ್ನು ‘ಕೆರಿಬಿಯನ್ನಿನ ಪ್ಯಾರಿಸ್’ ಎಂದು ಕರೆಯುತ್ತಿದ್ದರೆಂದರೆ ವಾಚಕರು ನಂಬುವರೇ?

ಫ್ರೆಂಚರು 1635ರಲ್ಲಿ ನೆಲೆಗೊಳಿಸಿದ ಈ ಊರು ಸಕ್ಕರೆ ಮತ್ತು ರಮ್ ವ್ಯಾಪಾರದಿಂದ ಬೆಳೆಯಿತು. ಆ ಸಿರಿಯ ಬುಡದಲ್ಲಿದ್ದುದು ಗುಲಾಮರ ಬೆವರು. 1848ರ ಮೇ 22ರಂದು ಅವರು ಇಲ್ಲಿಯೇ ದಂಗೆಯೆದ್ದರು. ಮರುದಿನವೇ ರಾಜ್ಯಪಾಲನು ದಾಸ್ಯ ವಿಮೋಚನೆಯನ್ನು ಸಾರಬೇಕಾಯಿತು. ಬಳಿಕ ಕಬ್ಬಿನ ತೋಟಗಳಿಗೆ ಆಳು ಸಾಲದೆ, 1853ರಿಂದ ನಮ್ಮ ದೇಶದ ಬಡವರನ್ನು ಕರಾರಿನ ಕೂಲಿಗಳಾಗಿ ಹಡಗುಗಳಲ್ಲಿ ಕರೆದೊಯ್ದರು. ಅವರಲ್ಲಿ ಬಹುಮಂದಿ ತಮಿಳರು.

ಊರ ಹಿಂದಿನ ಪೆಲೆ ಪರ್ವತ 1902ರ ವಸಂತದಲ್ಲಿ ಹೊಗೆಯುಗುಳತೊಡಗಿತು. ಬೀದಿಗಳಲ್ಲಿ ಬೂದಿ ಸುರಿಯಿತು. ಮೇ 5ರಂದು ಕುದಿವ ಕೆಸರಿನ ಪ್ರವಾಹವೊಂದು ಇಳಿದು ಗೆರ್ಯಾಂ ಸಕ್ಕರೆ ಕಾರ್ಖಾನೆಯನ್ನು ನುಂಗಿತು. ಮೇ 11ಕ್ಕೆ ಚುನಾವಣೆ ಗೊತ್ತಾಗಿತ್ತು. ರಾಜ್ಯಪಾಲ ಲೂಯಿ ಮುತ್ತೆ ಪತ್ನೀಸಮೇತನಾಗಿ ತಾನೇ ಬಂದು ಊರಿನಲ್ಲಿ ತಂಗಿದನು. ಆಳುವವನೇ ಬಂದಿರುವಾಗ ಭಯವೇಕೆ?

ಮೇ 8, ಯೇಸುವಿನ ಸ್ವರ್ಗಾರೋಹಣದ ಹಬ್ಬ. ಬೆಳಗಿನ ಎಂಟು ಗಂಟೆಯ ಸುಮಾರಿಗೆ ಬೆಟ್ಟ ಬಿರಿಯಿತು. ಹರಿದು ಬಂದುದು ಲಾವಾರಸವಲ್ಲ. ಉರಿವ ಅನಿಲ, ಬೂದಿಗಳ ಕರಿಮೋಡ. ಕೆಲವೇ ನಿಮಿಷಗಳಲ್ಲಿ ಸುಮಾರು 28,000 ಜನ ಮಡಿದರು. ರಾಜ್ಯಪಾಲ ದಂಪತಿಗಳೂ ಉಳಿಯಲಿಲ್ಲ. ಬಂದರಿನ ಹಡಗುಗಳು ಉರಿದು ಮುಳುಗಿದವು.

ಉಳಿದವನಾರು? ದಪ್ಪ ಕಲ್ಲುಗೋಡೆಯ ಕತ್ತಲೆಕೋಣೆಯಲ್ಲಿ ಬಂದಿಯಾಗಿದ್ದ ಸಿಪಾರಿಸ್! ಮೈಯೆಲ್ಲ ಸುಟ್ಟಿದ್ದರೂ ಜೀವವಿದ್ದ ಅವನನ್ನು ಕೆಲವು ದಿನಗಳ ಮೇಲೆ ಹೊರತೆಗೆದರು. ಮುಂದೆ ಅವನು ಅಮೆರಿಕದ ಸರ್ಕಸ್ಸೊಂದರಲ್ಲಿ ತನ್ನ ಗಾಯಗಳನ್ನೇ ಪ್ರದರ್ಶಿಸಿ ಹೊಟ್ಟೆ ಹೊರೆದನು. ಊರಂಚಿನ ಚಮ್ಮಾರನೊಬ್ಬನೂ ಓಡಿ ಬದುಕಿದನು. ವಿಧಿಯ ವಿಲಾಸವೆಂದರೆ ಇದೇ: ಅರಮನೆಯಂಥ ಮನೆಗಳು ಕಾಯಲಾರದ ಜೀವವನ್ನು ಸೆರೆಮನೆ ಕಾಯ್ದಿತು.

ಇಂದಿಗೂ ಆ ಕೋಣೆ ನಿಂತಿದೆ. ಅದರ ಮಗ್ಗುಲಲ್ಲೇ ಹದಿನೆಂಟನೆಯ ಶತಮಾನದ ನಾಟಕಶಾಲೆಯ ಅವಶೇಷ. ಮೆಟ್ಟಿಲುಗಳುಂಟು, ರಂಗವಿಲ್ಲ, ಪ್ರೇಕ್ಷಕರಿಲ್ಲ. ಅಮೆರಿಕದ ಜ್ವಾಲಾಮುಖಿತಜ್ಞ ಫ್ರಾಂಕ್ ಪೆರೆ 1933ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಕರಗಿದ ಗಾಜು, ನಜ್ಜುಗುಜ್ಜಾದ ಚರ್ಚಿನ ಗಂಟೆಗಳಿವೆ. ಕಡಲ ತಳದಲ್ಲಿ ಆ ಹಡಗುಗಳು ಇನ್ನೂ ಮಲಗಿವೆ. ಪರ್ವತವನ್ನು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ದುರಂತದ ಬಳಿಕ ಊರೆಂಬ ಮಾನ್ಯತೆಯನ್ನೇ ಕಳೆದುಕೊಂಡು ನೆರೆಯೂರಿಗೆ ಸೇರಿಹೋಗಿದ್ದ ಸ್ಯಾಂ ಪಿಯೇರ್, 1923ರಲ್ಲಿ ಮತ್ತೆ ಪುರಸಭೆಯಾಯಿತು. ಹಳೆಯ ಗೋಡೆಗಳಿಗೆ ಹೊಸ ಮನೆಗಳು ಒರಗಿಕೊಂಡವು. ಬೆಟ್ಟ ಸತ್ತಿಲ್ಲವೆಂದು ಅಲ್ಲಿಯವರು ಬಲ್ಲರು. ಆದರೂ ಅವರು ಅದರ ಮಡಿಲಲ್ಲೇ ಒಲೆ ಹಚ್ಚುತ್ತಾರೆ. ಅದನ್ನು ಮರೆವು ಎನ್ನಲೇ, ಧೈರ್ಯವೆನ್ನಲೇ? ಹುಟ್ಟಿದ ನೆಲದ ಸೆಳೆತವನ್ನು ಬಲ್ಲವರೇ ಹೇಳಬೇಕು.