ಬೈದರೆ ಲೆಕ್ಕಕ್ಕಿಲ್ಲ, ದೂರು ಕೊಟ್ಟರೇ ಲೆಕ್ಕ!

ದಾವಣಗೆರೆಯ ಮಂಡಿಪೇಟೆ. ಬೆಳಿಗ್ಗೆ ಹನ್ನೊಂದರ ಹೊತ್ತು, ಕಿರಾಣಿ ಅಂಗಡಿ ತುಂಬ ಜನ. ಯಜಮಾನರು ಬೇಳೆ ತೂಗುತ್ತಿರುವಾಗ ಫೋನು ಬಡಿದುಕೊಂಡಿತು. ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡಿನವನಿರಬಹುದು ಎಂದು ತಕ್ಕಡಿ ಬಿಟ್ಟು ಎತ್ತಿದರು. ಆ ಕಡೆಯಿಂದ ಜೇನಿನಂಥ ದನಿ: "ಸಾರ್, ಐದು ಲಕ್ಷ ಲೋನ್ ರೆಡಿ ಇದೆ, ಬೇಕಾ ಸಾರ್?" ಯಜಮಾನರು ಬಾಯಿಗೆ ಬಂದದ್ದು ಬೈದು ಫೋನು ಇಟ್ಟರು. ತಿರುಗಿ ನೋಡಿದರೆ ಗಿರಾಕಿ ಪಕ್ಕದ ಅಂಗಡಿಯಲ್ಲಿ!

ಸಂಜೆ ಹರಿಹರದ ಬಸ್ಸಿನಲ್ಲೂ ಇದೇ ಕಥೆ. ಕಂಬಿ ಹಿಡಿದು ನಿಂತವರ ಜೇಬಿನಲ್ಲಿ ಸೈಟು ಬೇಕಾ, ವಿಮೆ ಬೇಕಾ ಎಂಬ ರಾಗ. ಎತ್ತದೇ ಬಿಡೋಣ ಅಂದರೆ, ಮಗುವಿನ ಶಾಲೆಯಿಂದಲೋ ಆಸ್ಪತ್ರೆಯಿಂದಲೋ ಬಂದ ಕರೆಯಾಗಿದ್ದರೆ? ಗುರುತಿಲ್ಲದ ನಂಬರು ಎತ್ತಲೂ ಭಯ, ಬಿಡಲೂ ಭಯ. ನಿಜವಾದ ನಷ್ಟ ಇದೇ ಸ್ವಾಮಿ.

ಇದಕ್ಕೆ ಕಾನೂನಿಲ್ಲವೇ? ಇದೆ. ಬೇಡದ ಕರೆಗಳ ವಿರುದ್ಧ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮೊದಲ ನಿಯಮ ತಂದದ್ದು 2007ರಲ್ಲಿ. 2010ರಲ್ಲಿ ಅದು ಬದಲಾಯಿತು, 2018ರಲ್ಲಿ ಹೊಸದೇ ಬಂತು, 2025ರ ಫೆಬ್ರವರಿಯಲ್ಲಿ ಅದಕ್ಕೂ ತಿದ್ದುಪಡಿಯಾಯಿತು. ಇಷ್ಟಾದರೂ ಕಾಟ ಯಾಕೆ ನಿಂತಿಲ್ಲ?

ಜಾಹೀರಾತು ಕರೆ ಮಾಡುವವರು ನೋಂದಾಯಿಸಿಕೊಂಡು, 140ರಿಂದ ಶುರುವಾಗುವ ನಂಬರಿನಿಂದಲೇ ಮಾಡಬೇಕು. ನೀವು 1909ಕ್ಕೆ ಫೋನು ಮಾಡಿ, ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ 'ಸ್ಟಾರ್ಟ್ 0' ಎಂದು ಮೆಸೇಜು ಕಳಿಸಿ ಬೇಡ ಎಂದರೆ, ಅಂಥ ನೋಂದಾಯಿತರನ್ನು ಕಂಪನಿಯೇ ತಡೆಯಬೇಕು. ಕಿಲಾಡಿಗಳು ಈ ದಾರಿಗೇ ಬರುವುದಿಲ್ಲ. ನಮ್ಮ ನಿಮ್ಮಂತೆ ಸಾಮಾನ್ಯ ಹತ್ತಂಕಿಯ ಸಿಮ್ ಹಾಕಿ ಬಾರಿಸುತ್ತಾರೆ. ನೀವು ಒಂದನ್ನು ಬ್ಲಾಕ್ ಮಾಡಿದರೆ ಇನ್ನೊಂದರಿಂದ ಹಾಜರ್.

ಇವರಿಗೆ ಮೂಗುದಾರ ಹಾಕುವುದಕ್ಕೇ 2025ರ ತಿದ್ದುಪಡಿ. ಮುಂಚೆ ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈಗ ಏಳು ದಿನ ಅವಕಾಶ. ನೋಂದಣಿಯಿಲ್ಲದ ಹತ್ತಂಕಿಯವನ ಮೇಲೆ ದೂರು ಕೊಡಲು ನೀವು ಮೊದಲೇ 'ಬೇಡ' ಎಂದು ಬರೆಸಿರಬೇಕಿಲ್ಲ. ಕಂಪನಿ ಮೂವತ್ತು ದಿನದ ಬದಲು ಐದೇ ದಿನದಲ್ಲಿ ಕ್ರಮ ಕೈಗೊಳ್ಳಬೇಕು. ಒಬ್ಬನ ಮೇಲೆ ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಸಾಕು, ಕ್ರಮದ ಬಾಗಿಲು ತೆರೆಯುತ್ತದೆ. ಮೊದಲ ತಪ್ಪಿಗೆ ಹದಿನೈದು ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ಅವನ ಎಲ್ಲ ನಂಬರುಗಳೂ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಕಡಿತ. ಕಂಪನಿಗಳು ಇಂಥ ಕರೆಗಳ ಲೆಕ್ಕ ತಪ್ಪಾಗಿ ತೋರಿಸಿದರೆ ಎರಡು ಲಕ್ಷದಿಂದ ಹತ್ತು ಲಕ್ಷದವರೆಗೆ ದಂಡ.

ಗಮನಿಸಿ, ಎಲ್ಲವೂ ನಿಂತಿರುವುದು ದೂರಿನ ಸಂಖ್ಯೆಯ ಮೇಲೆ. ಮಂಡಿಪೇಟೆಯಲ್ಲಿ ಐವತ್ತು ಜನ ಬೈದರೂ ಕಾನೂನಿನ ಕಿವಿಗೆ ಬೀಳುವುದಿಲ್ಲ. ಐವರು ಕರೆಯ ನಂಬರು, ದಿನಾಂಕ, ಎರಡು ಸಾಲು ವಿವರ ಬರೆದು 1909ಕ್ಕೆ ಕಳಿಸಿದರೆ ಬೀಳುತ್ತದೆ. ದಂಡದ ಹಣದಲ್ಲಿ ನಿಮಗೆ ಪಾಲಿಲ್ಲ, ನಿಜ. ಆದರೆ ನಾಳೆಯ ಗಿರಾಕಿ ಉಳಿಯುತ್ತಾನೆ.

ಇನ್ನು ಅಂಗಡಿಯವರಿಗೇ ಒಂದು ಮಾತು. ಬಿಲ್ಲು ಮಾಡುವಾಗ ಗಿರಾಕಿಯ ನಂಬರು ಬರೆದುಕೊಂಡು, ಹಬ್ಬಕ್ಕೆ 'ಭಾರಿ ರಿಯಾಯಿತಿ' ಎಂದು ನಿಮ್ಮ ಸ್ವಂತ ಫೋನಿನಿಂದ ಊರಿಗೆಲ್ಲ ಮೆಸೇಜು ಕಳಿಸುತ್ತೀರಲ್ಲ, ಆ ನಿಯಮ ನಿಮಗೂ ಅನ್ವಯ! ಐದು ಗಿರಾಕಿಗಳು ಬೇಸತ್ತು ದೂರು ಕೊಟ್ಟರೆ ಕತ್ತರಿ ನಿಮ್ಮ ನಂಬರಿಗೇ. ಗಲ್ಲಾಪೆಟ್ಟಿಗೆಯ ಮುಂದಿನ ಸ್ಕ್ಯಾನ್ ಬೋರ್ಡು, ಬ್ಯಾಂಕ್ ಖಾತೆ, ಮಂಡಿಯ ಆರ್ಡರು ಎಲ್ಲ ಅದೇ ನಂಬರಿಗೆ ಅಂಟಿಕೊಂಡಿರುತ್ತವೆ. ಮೊದಲು ಗಿರಾಕಿಯನ್ನು ಕೇಳಿ, ನೋಂದಾಯಿಸಿದವರ ಮೂಲಕ ಕಳಿಸಿ.

ಗಿರಾಕಿಗಳೂ ಅಷ್ಟೆ. ಅರ್ಜಿಯ ಮೂಲೆಯಲ್ಲಿ 'ಮಾಹಿತಿ ಕಳಿಸಲು ಒಪ್ಪಿಗೆ' ಎಂಬ ಚೌಕಕ್ಕೆ ನೋಡದೇ ಗೀಟು ಹಾಕಿದರೆ, ಆ ಸಂಸ್ಥೆಗೆ ಬಾಗಿಲು ತೆರೆದಂತೆ. ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕೂ ಇದೆ, ಮರೆಯಬೇಡಿ. ಕರೆ ಮಾಡಿದವನು ಓಟಿಪಿ ಕೇಳಿದರೆ ಅದು ಕಿರಿಕಿರಿಯಲ್ಲ, ಕಳ್ಳತನ. ಹಣ ಹೋಗಿದ್ದರೆ 1909 ಅಲ್ಲ, ತಡಮಾಡದೆ 1930.

ಹದಿನೆಂಟು ವರ್ಷ ನಿಯಮಗಳನ್ನು ತಿದ್ದಿದ ಮೇಲೂ ದೂರು ಕೊಡುವ ಕೆಲಸ ಕಾಟ ತಿಂದವನ ತಲೆಗೇ ಬಿದ್ದಿದೆ ಎಂಬುದು ಬೇಸರದ ಮಾತು. ಆದರೂ ಇಂದು ಬಸ್ಸಿನಲ್ಲಿ ಕೂತ ಹೊತ್ತಿಗೆ ಒಂದು ದೂರು ಬರೆಯಿರಿ. ಐದರಲ್ಲಿ ಒಂದು ನಿಮ್ಮದಾಗಲಿ.