ಜಾತ್ರೆಯ ಎತ್ತು: ದುಡಿಮೆಗೆಷ್ಟು, ಆಸೆಗೆಷ್ಟು?

ಒಕ್ಕಣೆ ಮುಗಿದೊಡನೆ ಹಳೆ ಮೈಸೂರು ಸೀಮೆಯ ರೈತರ ಗಮನ ದನಗಳ ಜಾತ್ರೆಯತ್ತ ತಿರುಗುತ್ತದೆ. ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆಗಳಲ್ಲಿ ಚಪ್ಪರದಡಿ ಸಿಂಗರಿಸಿ ಕಟ್ಟಿದ ಹಳ್ಳಿಕಾರ್ ಜೋಡಿಯ ಮುಂದೆ ನಿಂತರೆ ಕಣ್ಣು ಕೀಳಲಾಗುವುದಿಲ್ಲ. ಕೈಯಲ್ಲಿರುವ ಹಣದ ನೆನಪು ಹಾರಿಹೋಗುವುದು ಅಲ್ಲಿಯೇ.

ಎತ್ತಿನ ಬೆಲೆಯಲ್ಲಿ ಎರಡು ಪಾಲುಗಳುಂಟು. ವಯಸ್ಸು, ಹೆಗಲು, ಗೊರಸು, ನಡಿಗೆ ಇವು ದುಡಿಮೆಯ ಪಾಲು. ಬಣ್ಣ, ಕೊಂಬಿನ ಅಂದ, ಸುಳಿ, ಜೋಡಿಯ ಹೋಲಿಕೆ ಇವು ಆಸೆಯ ಪಾಲು. ಸುಳಿ ಚೆನ್ನಾಗಿದೆಯೆಂದು ನೇಗಿಲು ಆಳಕ್ಕೆ ಇಳಿಯುವುದಿಲ್ಲ. ದುಡಿಮೆಗೆ ಲಕ್ಷ ರೂಪಾಯಿ ಬಾಳುವ ಜೋಡಿಗೆ ಒಂದೂವರೆ ಲಕ್ಷ ತೆತ್ತರೆ, ಮೇಲಿನ 50,000 ರೂಪಾಯಿ ಹೊಲದಿಂದ ಹಿಂದಕ್ಕೆ ಬಾರದು.

ಮೇವಿನ ಲೆಕ್ಕವನ್ನೂ ಹಾಕಬೇಕು. ದೇಹತೂಕದ ಪ್ರತಿ 100 ಕಿಲೋಗೆ ದಿನಕ್ಕೆ 2ರಿಂದ 2.5 ಕಿಲೋ ಒಣ ಪದಾರ್ಥ ಬೇಕು. 350 ಕಿಲೋ ತೂಗುವ ಎರಡು ಎತ್ತುಗಳಿಗೆ ವರ್ಷಕ್ಕೆ 5 ಟನ್ನಿಗೂ ಹೆಚ್ಚು. ಉಳುವ ದಿನವೂ ತಿನ್ನುತ್ತವೆ, ಉಳದ ದಿನವೂ ತಿನ್ನುತ್ತವೆ. ವರ್ಷದಲ್ಲಿ ಕೆಲವೇ ದಿನ ಕೆಲಸವಿರುವ ಸಣ್ಣ ಹಿಡುವಳಿದಾರರಿಗೆ ಬಾಡಿಗೆ ಆರೇ ಮೇಲಾಗಬಹುದು.

ಹಾಗೆಂದು ಆಸೆಯೇ ತಪ್ಪೆಂದು ನಾವು ಹೇಳುವುದಿಲ್ಲ. ಟ್ರಾಕ್ಟರ್ ಬಂದ ಮೇಲೂ ಹಳ್ಳಿಕಾರ್ ತಳಿ ಉಳಿದಿರುವುದರಲ್ಲಿ, ಲಾಭ ನಷ್ಟ ನೋಡದೆ ಪ್ರೀತಿಯಿಂದ ಸಾಕಿದವರ ಪಾಲು ದೊಡ್ಡದು. ಅಂಥ ಪ್ರೀತಿ ಇದ್ದವನ ಕೊಟ್ಟಿಗೆಯಲ್ಲಿ ದನ ಹಸಿದಿರುವುದಿಲ್ಲ. ಆದರೆ ಆಸೆಯ ಪಾಲನ್ನು ಮಿಗುತಾಯದಿಂದ ಮಾತ್ರ ಕೊಡತಕ್ಕದ್ದು. ಬೆಳೆ ಸಾಲವನ್ನಾಗಲಿ, ಬೀಜ ಗೊಬ್ಬರಕ್ಕೆಂದು ಇಟ್ಟ ಹಣವನ್ನಾಗಲಿ ಅದಕ್ಕೆ ಮುಟ್ಟಬಾರದು. ಕೈಸಾಲ ಮಾಡಿ ತಂದ ಜೋಡಿಯನ್ನು ಮುಂಗಾರಿಗೆ ಮುಂಚೆಯೇ ಅರ್ಧ ಬೆಲೆಗೆ ಮಾರುವ ಪಾಡು ಯಾರಿಗೂ ಬೇಡ.

ಆದ್ದರಿಂದ ರೈತ ಬಾಂಧವರು ಹೊರಡುವ ಮುಂಚೆಯೇ ಮನೆಯವರೊಡನೆ ಕುಳಿತು ಎರಡೂ ಪಾಲಿನ ಮೊತ್ತವನ್ನು ಬೇರೆ ಬೇರೆ ಗೊತ್ತುಮಾಡಿಕೊಳ್ಳಲಿ. ದಳ್ಳಾಳಿಯ ಟವೆಲ್ಲಿನ ಕೆಳಗೆ ಕೈ ಹೋದ ಮೇಲೆ ಲೆಕ್ಕ ಹಾಕಲು ಪುರಸೊತ್ತು ಇರುವುದಿಲ್ಲ. ಹಲ್ಲು ಎಣಿಸಿ ನೋಡಿ: ಮೊದಲ ಎರಡು ಹಲ್ಲು ಸುಮಾರು ಎರಡು, ಎರಡೂವರೆ ವರ್ಷಕ್ಕೆ ಬರುತ್ತವೆ, ಬಾಯಿಗೂಡುವುದು ನಾಲ್ಕು ದಾಟಿದ ಮೇಲೆ. ನೊಗ ಹೂಡಿಸಿ ನಡೆಸಿ ನೋಡಿ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದೆಯೇ ಎಂದು ಕೇಳಿ.

ಇಷ್ಟಾದ ಮೇಲೂ ಮನಸ್ಸು ಸೋತರೆ, ಹಣ ನಿಮ್ಮದೇ ಆಗಿದ್ದರೆ, ಸಂತೋಷದಿಂದ ಕೊಳ್ಳಿ. ಅಂಥ ಎತ್ತು ಮನೆಗೆ ಭಾರವಾಗದು.